'ವೆಂಟ್' ಅಂದದ್ದಕ್ಕೆ ಮಗಳು ಶಾಲು ಎಳೆದಳು

ಉಡುಪಿಯ ಹತ್ತಿರದ ಒಂದು ಊರಿನವರು. ವಯಸ್ಸು ಮೂವತ್ತೈದರ ಆಸುಪಾಸು. ಸೊಸೈಟಿಯೊಂದಕ್ಕೆ ಪಿಗ್ಮಿ, ಅಂದರೆ ಜನರ ದಿನದಿನದ ಸಣ್ಣ ಉಳಿತಾಯದ ಹಣ, ಕಲೆಕ್ಷನ್ ಮಾಡುತ್ತಾರೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿ ಬರೆಯುತ್ತಿದ್ದೇನೆ. ಇಲ್ಲಿ ಅವರನ್ನು ಶಾರದಕ್ಕ ಅನ್ನೋಣ.

ರಾತ್ರಿ ನಿದ್ರೆ ಬರುವುದಿಲ್ಲ ಅಂತ ನನ್ನ ಹತ್ತಿರ ಸಲಹೆಗೆ ಬಂದಿದ್ದರು. ನಿಜವಾದ ವಿಷಯ ಹೊರಗೆ ಬಂದದ್ದು ಅವರು ಎರಡನೇ ಸಲ ಬಂದಾಗ. ಮಗಳು ಇಂಗ್ಲಿಷ್ ಮೀಡಿಯಂನಲ್ಲಿ ನಾಲ್ಕನೇ ಕ್ಲಾಸ್. ಪೇರೆಂಟ್ಸ್ ಮೀಟಿಂಗಿನಲ್ಲಿ ಟೀಚರ್ ಏನೋ ಕೇಳಿದ್ದಕ್ಕೆ ಇವರು ಧೈರ್ಯ ಮಾಡಿ "ಶೀ ಡಿಡ್ ನಾಟ್ ವೆಂಟ್ ಟು ಪಿಕ್ನಿಕ್" ಅಂದರು. ಮಗಳು ಶಾಲು ಎಳೆದು "ಅಮ್ಮಾ, ಕನ್ನಡದಲ್ಲೇ ಹೇಳು" ಅಂದಳು. ಅಷ್ಟೇ ನಡೆದದ್ದು. ಆಮೇಲಿನ ಎರಡು ಮೀಟಿಂಗಿಗೂ ಮೈದುನನನ್ನು ಕಳಿಸಿದ್ದಾರೆ, ಗಂಡ ದುಬೈಯಲ್ಲಿರುವುದರಿಂದ ಬೇರೆ ದಾರಿ ಇರಲಿಲ್ಲ.

ಸುಮ್ನೆ ಕೂತವರಲ್ಲ ಅವರು. ಮೂರು ಸಲ ಗ್ರಾಮರ್ ಪುಸ್ತಕ ತಂದಿದ್ದಾರೆ, ಮೂರು ಸಲವೂ ನೌನ್, ಪ್ರೊನೌನ್ ಎಲ್ಲ ದಾಟಿ 12 ಟೆನ್ಸಿನ ಪಟ್ಟಿ ಬಂದ ಕೂಡಲೇ ಮುಚ್ಚಿಟ್ಟಿದ್ದಾರೆ. "ನನ್ನ ತಲೆಗೆ ಹತ್ತುವುದಿಲ್ಲ ಮೇಡಂ. ಮನೆಯಲ್ಲಿ ನಾವು ಮಾತಾಡುವುದು ತುಳು. ಅದಕ್ಕೆ ಎಂಥ ಗ್ರಾಮರ್?"

ಈ ಮಾತು ಕೇಳಿ ನನಗೆ ನಿಜಕ್ಕೂ ಬೇಜಾರಾಯಿತು. ಬ್ರಿಗೆಲ್ ಎಂಬ ಪಾದ್ರಿ ತುಳುವಿನ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದು, ಅದು 1872ರಲ್ಲೇ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾಗಿದೆ ಅಂತ ಹೇಳಿದೆ. ಅವರು ನಂಬಲಿಲ್ಲ. ಹಾಗಾಗಿ ಒಂದು ಪ್ರಶ್ನೆ ಕೇಳಿದೆ: "ಬಸ್ ಬತ್ತ್ಂಡ್" ಅನ್ನುವುದೂ "ಬಸ್ ಬೈದ್ಂಡ್" ಅನ್ನುವುದೂ ಒಂದೇನಾ?

ಯೋಚನೆಯನ್ನೇ ಮಾಡದೆ ಹೇಳಿದರು. "ಅಲ್ಲಪ್ಪ, ಬತ್ತ್ಂಡ್ ಅಂದರೆ ಬಂತು. ಬೈದ್ಂಡ್ ಅಂದರೆ ಬಂದಿದೆ, ಇಲ್ಲೇ ಉಂಟು, ಓಡಿ ಹತ್ತಬಹುದು."

ಇಂಗ್ಲಿಷಿನ 'ಕೇಮ್' ಮತ್ತು 'ಹ್ಯಾಸ್ ಕಮ್' ಕೂಡ ಹೆಚ್ಚುಕಡಿಮೆ ಹೀಗೇ. ಅವರು ಪುಸ್ತಕ ಮುಚ್ಚಿಟ್ಟದ್ದು ಸರಿಯಾಗಿ ಇದೇ ಪುಟದಲ್ಲಿ! ನೆನಪಿಡಬೇಕಾದ್ದು ಒಂದೇ. ನಾವು 'ನಿನ್ನೆ ಬಂದಿದ್ದಾರೆ' ಅನ್ನುತ್ತೇವೆ, ಆದರೆ ಇಂಗ್ಲಿಷಿನಲ್ಲಿ 'ಯೆಸ್ಟರ್‌ಡೇ' ಅಂತ ದಿನ ಹೇಳಿದ ಮೇಲೆ 'ಹ್ಯಾಸ್ ಕಮ್' ಬರುವುದಿಲ್ಲ, 'ಕೇಮ್' ಮಾತ್ರ.

ಆಮೇಲೆ ಆ 'ಡಿಡ್ ನಾಟ್ ವೆಂಟ್'ಗೆ ಬಂದೆವು. ಇದನ್ನು ಮುಟ್ಟಲು ಅವರಿಗೆ ಮನಸ್ಸಿರಲಿಲ್ಲ, ಕಣ್ಣಲ್ಲಿ ನೀರು ಬಂತು. ಸ್ವಲ್ಪ ಹೊತ್ತು ಬಿಟ್ಟು ಕೇಳಿದೆ, ಕನ್ನಡದಲ್ಲಿ 'ಹೋದಳು' ಅನ್ನುವುದಕ್ಕೆ ಇಲ್ಲ ಸೇರಿಸಿ ಅಂತ. "ಹೋಗಲಿಲ್ಲ." 'ಹೋದಲಿಲ್ಲ' ಯಾಕಲ್ಲ? ಅವರು ಸುಮ್ಮನಾದರು, ಮತ್ತೆ ನಿಧಾನಕ್ಕೆ "ಹೋದ ಅನ್ನುವುದು ವಾಪಸ್ ಹೋಗು ಆಯಿತಲ್ಲ" ಅಂದರು. ಹೌದು, ಇಂಗ್ಲಿಷಿನಲ್ಲೂ ಅದೇ ಆಗುತ್ತದೆ. 'ಡಿಡ್' ಬಂತೆಂದರೆ ನಡೆದುಹೋದ ಕಾಲದ ಗುರುತು ಅದರಲ್ಲೇ ಇದೆ, 'ವೆಂಟ್' ವಾಪಸ್ 'ಗೋ' ಆಗುತ್ತದೆ. ಪ್ರಶ್ನೆ ಕೇಳುವಾಗಲೂ ಹಾಗೇ, 'ಡಿಡ್ ಶೀ ಗೋ?'

ಅವರಿಗೆ ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. 12 ಟೆನ್ಸಿನ ಪಟ್ಟಿ ಸದ್ಯಕ್ಕೆ ಬೇಡ. ದಿನಾ ಮಾಡುವುದು, ನಿನ್ನೆ ಮಾಡಿದ್ದು, ನಾಳೆ ಮಾಡುವುದು, ಇಷ್ಟು ಸಾಕು. ಕನ್ನಡದಲ್ಲಿ 'ಹೋಗುತ್ತೇನೆ' ಒಂದೇ ದಿನಾ ಹೋಗುವುದಕ್ಕೂ ನಾಳೆ ಹೋಗುವುದಕ್ಕೂ ಆಗುತ್ತದೆ, ಇಂಗ್ಲಿಷಿನಲ್ಲಿ ನಾಳೆಗೆ 'ವಿಲ್ ಗೋ' ಅನ್ನಬೇಕು. 'ಅವಳು ನನ್ನ ಮಗಳು' ಅನ್ನಲು ನಮಗೆ ಕ್ರಿಯಾಪದವೇ ಬೇಡ, ಅವರಿಗೆ 'ಈಸ್' ಬೇಕೇ ಬೇಕು. ಹೋಗುತ್ತೇನೆ, ಹೋಗುತ್ತೀಯ, ಹೋಗುತ್ತಾಳೆ ಅಂತ ನಾವು ಒಬ್ಬೊಬ್ಬರಿಗೂ ಕೊನೆ ಬದಲಿಸುತ್ತೇವೆ. ಅಲ್ಲಿ 'ಹೀ, ಶೀ, ಇಟ್'ಗೆ ಒಂದು 'ಎಸ್' ಸೇರಿಸಿದರೆ ಮುಗಿಯಿತು, 'ಶೀ ಗೋಸ್'. ಇಷ್ಟೆಲ್ಲ ಕೊನೆಗಳನ್ನು ತಪ್ಪದೆ ಆಡುವವರಿಗೆ ಒಂದು ಎಸ್ ಜಾಸ್ತಿಯಾಗುತ್ತದಾ? 'ಎ, ದಿ' ಎಲ್ಲ ಆಮೇಲೆ ನೋಡೋಣ ಅಂದೆ. ಅವು ತಪ್ಪಿದರೂ ಸಾಮಾನ್ಯವಾಗಿ ಮಾತು ಅರ್ಥವಾಗುತ್ತದೆ.

ದಿನಕ್ಕೆ ಎಷ್ಟು ಓದಬೇಕು ಅಂತ ಕೇಳಿದಾಗ ಅವರ ಕೆಲಸವನ್ನೇ ನೆನಪಿಸಿದೆ. 1928ರಲ್ಲಿ ಇದೇ ಉಡುಪಿಯಲ್ಲಿ ಆಮೇಲೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಬ್ಯಾಂಕಿನವರು ಪಿಗ್ಮಿ ಶುರುಮಾಡಿದಾಗ ದಿನಕ್ಕೆ ಎರಡಾಣೆ ಸಾಕಿತ್ತು. "ಹಾಗಾದರೆ ದಿನಕ್ಕೆ ಎರಡು ವಾಕ್ಯ" ಅಂತ ಅವರೇ ತೀರ್ಮಾನಿಸಿದರು. ಕಲೆಕ್ಷನ್ ಮುಗಿಸಿ ಬಂದು ಆ ದಿನ ನಿಜವಾಗಿ ನಡೆದದ್ದನ್ನೇ ಬರೆಯಬೇಕು, ಪುಸ್ತಕದ ರಾಮ ಸೀತೆಯರ ವಾಕ್ಯ ಬೇಡ.

ಮಗಳ ಜೊತೆ ಒಮ್ಮೆ ಬೇರೆಯಾಗಿ ಕೂತೆ. ಅಮ್ಮನನ್ನು ನೋಡಿ ಯಾರಾದರೂ ನಗುತ್ತಾರೋ ಅಂತ ಅವಳಿಗೆ ಹೆದರಿಕೆಯಾಗಿತ್ತಂತೆ, ಅದಕ್ಕೇ ಶಾಲು ಎಳೆದದ್ದು. ಪಾಪ, ಇದು ಶಾರದಕ್ಕನಿಗೆ ಗೊತ್ತೇ ಇರಲಿಲ್ಲ. ಮಗಳು ಹೇಳಲಿ ಅಂತ ನಾನು ಕೇಳಿಕೊಂಡೆ, ಹೇಳಿದಳು. ಇಬ್ಬರೂ ಒಂದು ಮಾತಿಗೆ ಬಂದಿದ್ದಾರೆ: ಹೊರಗೆ ಎಲ್ಲರ ಎದುರು ತಿದ್ದುವುದಿಲ್ಲ, ರಾತ್ರಿ ಊಟದ ಮೇಲೆ ಅಮ್ಮನೇ ಪುಸ್ತಕ ಹಿಡಿದು ಕೇಳುತ್ತಾರೆ.

ಕಳೆದ ಮೀಟಿಂಗಿಗೆ ಶಾರದಕ್ಕ ಅವರೇ ಹೋದರು. ಅರ್ಧ ಇಂಗ್ಲಿಷ್, ಅರ್ಧ ಕನ್ನಡ ಮಾತಾಡಿದರಂತೆ. 'ಐ ಹ್ಯಾವ್' ಅನ್ನಬೇಕಾದಲ್ಲಿ 'ಐ ಆಮ್ ಹ್ಯಾವಿಂಗ್ ಒನ್ ಡಾಟರ್' ಅಂತ ಈಗಲೂ ಅನ್ನುತ್ತಾರೆ. ಮುಂದಿನ ವಾರ ಅದನ್ನು ತೆಗೆದುಕೊಳ್ಳುತ್ತೇವೆ.