ದೊಡ್ಡ ಆಟಗಾರನಲ್ಲದ ಟೋನಿ ಡಂಜಿ ಅಷ್ಟು ದೊಡ್ಡ ಕೋಚ್ ಆಗಿದ್ದು ಹೇಗೆ?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಳ್ಳೆಯ ಕೋಚ್ ಆಗಬೇಕಾದರೆ ಮೊದಲು ದೊಡ್ಡ ಸ್ಟಾರ್ ಆಟಗಾರ ಆಗಿರಲೇಬೇಕಾ ಅಂತ ಕೇಳಿದ್ದೀರಿ. ಬೇಕಿಲ್ಲ. ಹಾಗೆ ಹೇಳುವಾಗ ನನಗೆ ಮೊದಲು ನೆನಪಾಗುವವರು ಟೋನಿ ಡಂಜಿ. ನಾನು ಈ ಆಟವನ್ನು ಇಷ್ಟಪಡಲು ಅವರೇ ಕಾರಣ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಡಂಜಿ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದರು. ಅಂದರೆ ಚೆಂಡು ಎಸೆಯುವವನು, ತಂಡದ ದಾಳಿ ನಡೆಸುವವನು. 1977ರ ಡ್ರಾಫ್ಟ್‌ನಲ್ಲಿ, ಅಂದರೆ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಯಾವ ತಂಡವೂ ಅವರನ್ನು ಆರಿಸಲಿಲ್ಲ. ಆಮೇಲೆ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡ ಕರೆಯಿತು, ಆದರೆ ಸೇಫ್ಟಿಯಾಗಿ ಆಡಲು. ಇದು ಡಿಫೆನ್ಸ್‌ನಲ್ಲಿ ಎಲ್ಲರಿಗಿಂತ ಹಿಂದೆ ನಿಂತು ಉದ್ದದ ಪಾಸ್‌ಗಳನ್ನು ತಡೆಯುವ ಜಾಗ. ಆರಂಭಿಕ ಬ್ಯಾಟ್ಸ್‌ಮನ್‌ಗೆ ನಾಳೆಯಿಂದ ನೀನು ವಿಕೆಟ್ ಕೀಪರ್ ಅಂದ ಹಾಗೆ. ಅದೇ ವರ್ಷ ಹ್ಯೂಸ್ಟನ್ ವಿರುದ್ಧದ ಪಂದ್ಯದಲ್ಲಿ ತಂಡದ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳೂ ಗಾಯಗೊಂಡರು. ಡಂಜಿ ತಮ್ಮ ಹಳೆಯ ಜಾಗಕ್ಕೆ ಇಳಿದರು. ಹಾಗಾಗಿ ಒಂದೇ ಪಂದ್ಯದಲ್ಲಿ ಎದುರಾಳಿಯ ಪಾಸ್ ಕಸಿದವರೂ ಅವರೇ, ತಮ್ಮ ಪಾಸ್ ಎದುರಾಳಿಗೆ ಕೊಟ್ಟವರೂ ಅವರೇ. 1978ರಲ್ಲಿ 6 ಇಂಟರ್‌ಸೆಪ್ಷನ್ (ಎದುರಾಳಿಯ ಪಾಸ್ ಕಸಿಯುವುದು) ಮಾಡಿ ತಂಡದಲ್ಲೇ ಮುಂದಿದ್ದರು, ಆ ಸೀಸನ್‌ನ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್ ಕೂಡ ಗೆದ್ದರು. ನಂತರ ಒಂದು ಸೀಸನ್ ಸ್ಯಾನ್ ಫ್ರಾನ್ಸಿಸ್ಕೊ. ಒಟ್ಟು ಮೂರು ಸೀಸನ್, ಅಷ್ಟೇ.

ಅಷ್ಟು ಚಿಕ್ಕ ಆಟದ ಬದುಕಿನಲ್ಲೇ ಕೋಚ್‌ಗೆ ಬೇಕಾದದ್ದು ಅವರಿಗೆ ಸಿಕ್ಕಿತ್ತು ಅಂತ ನಾನು ನಂಬುತ್ತೇನೆ. ದಾಳಿ ಮಾಡುವವನ ಕಣ್ಣಲ್ಲೂ ತಡೆಯುವವನ ಕಣ್ಣಲ್ಲೂ ಮೈದಾನ ನೋಡಿದವರು ಎಷ್ಟು ಜನ ಇದ್ದಾರೆ? ಹೊಸ ಜಾಗದಲ್ಲಿ ಎಲ್ಲವನ್ನೂ ಮೊದಲಿಂದ ಕಲಿತವರಿಗೆ ಕಲಿಸುವಾಗ ಯಾವ ಹೆಜ್ಜೆ ಕಷ್ಟ ಅಂತ ಗೊತ್ತಿರುತ್ತದೆ. ಸ್ಟೀಲರ್ಸ್‌ನ ಹೆಡ್ ಕೋಚ್ ಚಕ್ ನೋಲ್ ಕೂಡ ಆಟಗಾರರಾಗಿದ್ದು ಕೋಚ್ ಆದವರೇ. 1981ರಲ್ಲಿ ಅವರು ಡಂಜಿಯನ್ನು ಸಹಾಯಕ ಕೋಚ್ ಆಗಿ ತೆಗೆದುಕೊಂಡರು. ಆಗ ಡಂಜಿಗೆ 25 ವರ್ಷ. 28ಕ್ಕೆ ಇಡೀ ಡಿಫೆನ್ಸ್‌ನ ಹೊಣೆ ಸಿಕ್ಕಿತು.

ಆದರೆ ಹೆಡ್ ಕೋಚ್ ಆಗಲು 1996ರವರೆಗೆ ಕಾಯಬೇಕಾಯಿತು. ಡಂಜಿ ಕಪ್ಪು ಜನಾಂಗದವರು. ಆಟಗಾರರಲ್ಲಿ ಕಪ್ಪು ಜನರು ತುಂಬಾ ಇದ್ದರೂ ಆ ಲೀಗ್‌ನಲ್ಲಿ ಕಪ್ಪು ಹೆಡ್ ಕೋಚ್‌ಗಳು ಬೆರಳೆಣಿಕೆಯಷ್ಟೇ ಇದ್ದ ಕಾಲ ಅದು. ಕೊನೆಗೆ ಕರೆದಿದ್ದು ಟ್ಯಾಂಪಾ ಬೇ. 1982ರ ನಂತರ ಪ್ಲೇಆಫ್ (ಸೀಸನ್ ಕೊನೆಯ ನಾಕೌಟ್ ಪಂದ್ಯಗಳು) ಮುಖವನ್ನೇ ನೋಡದ ತಂಡ. ಮೊದಲ 9 ಪಂದ್ಯದಲ್ಲಿ 8 ಸೋತರು. ಡಂಜಿ ಗಾಬರಿಯಾಗಿ ಪದ್ಧತಿ ಬದಲಿಸಲಿಲ್ಲ. ಮರುವರ್ಷವೇ ತಂಡ ಪ್ಲೇಆಫ್‌ಗೆ ಹೋಯಿತು.

ಆ ಪದ್ಧತಿಗೆ ಈಗಲೂ 'ಟ್ಯಾಂಪಾ 2' ಅಂತ ಹೆಸರು. ಅದರ ಬೇರು ಪಿಟ್ಸ್‌ಬರ್ಗ್‌ನಲ್ಲಿ ಅವರೇ ಆಡಿದ್ದ ಡಿಫೆನ್ಸ್‌ನಲ್ಲಿತ್ತು. ಅವರೂ ಮಾಂಟಿ ಕಿಫಿನ್ ಎಂಬ ಕೋಚ್ ಕೂಡ ಸೇರಿ ಅದನ್ನು ಬೆಳೆಸಿದರು. ಇಬ್ಬರು ಸೇಫ್ಟಿಗಳು ಹಿಂಭಾಗವನ್ನು ಅರ್ಧರ್ಧ ಹಂಚಿಕೊಳ್ಳುತ್ತಾರೆ. ಅವರ ನಡುವಿನ ಖಾಲಿ ಜಾಗಕ್ಕೆ ಮಿಡಲ್ ಲೈನ್‌ಬ್ಯಾಕರ್, ಅಂದರೆ ಮುಂದಿನ ಸಾಲಿನ ಹಿಂದೆ ಮಧ್ಯದಲ್ಲಿ ನಿಲ್ಲುವವನು, ಹಿಂದಕ್ಕೆ ಓಡುತ್ತಾನೆ. ಕ್ವಾರ್ಟರ್‌ಬ್ಯಾಕ್ ಮೇಲೆ ಮುಂದಿನ ನಾಲ್ವರು ಮಾತ್ರ ನುಗ್ಗುತ್ತಾರೆ. ಉಳಿದವರು ತಮ್ಮ ತಮ್ಮ ಜಾಗ ಕಾಯುತ್ತಾ ಚೆಂಡಿನ ಮೇಲೆ ಕಣ್ಣಿಟ್ಟಿರುತ್ತಾರೆ. ಇದರಲ್ಲಿ ಗುಟ್ಟೇನೂ ಇಲ್ಲ, ಎದುರಾಳಿಗೂ ಗೊತ್ತು. ಕೆಲವೇ ವಿಷಯ ಕಲಿಸಿ, ಯೋಚಿಸದೆಯೇ ಕಾಲು ಓಡುವ ತನಕ ಅಭ್ಯಾಸ ಮಾಡಿಸುವುದು ಅವರ ದಾರಿ. ಆಟಗಾರರ ಮೈಗಾತ್ರಕ್ಕಿಂತ ವೇಗಕ್ಕೆ ಜಾಸ್ತಿ ಬೆಲೆ ಕೊಟ್ಟರು. ಕೂಗಾಟ, ಬೈಗುಳ ಅವರ ಶೈಲಿಯೇ ಅಲ್ಲ.

ಅವರ ಟ್ಯಾಂಪಾ ತಂಡದ ದೌರ್ಬಲ್ಯವನ್ನೂ ಹೇಳಬೇಕು. ದಾಳಿ ತೀರಾ ಸಪ್ಪೆ. 1999, 2000, 2001ರ ಸೀಸನ್‌ಗಳ ಪ್ಲೇಆಫ್ ಸೋಲುಗಳಲ್ಲಿ ತಂಡ ಒಂದೇ ಒಂದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು) ಗಳಿಸಲಿಲ್ಲ. 2002ರ ಜನವರಿಯಲ್ಲಿ ಡಂಜಿಯನ್ನು ತೆಗೆದುಹಾಕಿದರು. ಮುಂದಿನ ಸೀಸನ್‌ನಲ್ಲೇ ಹೊಸ ಕೋಚ್ ಜಾನ್ ಗ್ರೂಡನ್ ಕೈಯಲ್ಲಿ ಅದೇ ತಂಡ ಸೂಪರ್ ಬೌಲ್ ಗೆದ್ದಿತು. ಆ ಫೈನಲ್‌ನಲ್ಲಿ 3 ಟಚ್‌ಡೌನ್ ಬಂದಿದ್ದು ಡಂಜಿ ಕಟ್ಟಿದ ಡಿಫೆನ್ಸ್‌ನಿಂದ! ನನಗೆ ಇಂದಿಗೂ ಅದು ನೋವಿನ ವಿಷಯ. ಅವರನ್ನೂ ಮಿನ್ನೆಸೋಟಾದ ಕಪ್ಪು ಹೆಡ್ ಕೋಚ್ ಡೆನಿಸ್ ಗ್ರೀನ್ ಅವರನ್ನೂ ತೆಗೆದ ಮೇಲೆ ಎದ್ದ ಒತ್ತಡದಿಂದ 2003ರಲ್ಲಿ ಒಂದು ನಿಯಮ ಬಂತು. ಆಗಿನ ನಿಯಮದಂತೆ ಹೆಡ್ ಕೋಚ್ ಹುಡುಕುವ ತಂಡ ಅಲ್ಪಸಂಖ್ಯಾತ ಸಮುದಾಯದ ಒಬ್ಬರನ್ನಾದರೂ ಸಂದರ್ಶನಕ್ಕೆ ಕರೆಯಬೇಕಿತ್ತು. ಅದಕ್ಕೆ ರೂನಿ ರೂಲ್ ಅಂತ ಹೆಸರು. ಸ್ಟೀಲರ್ಸ್‌ನ ಆಗಿನ ಮಾಲೀಕ ಡ್ಯಾನ್ ರೂನಿ ಅವರ ಹೆಸರು ಅದು.

ಡಂಜಿ ಇಂಡಿಯಾನಾಪೊಲಿಸ್ ಕೋಲ್ಟ್ಸ್‌ಗೆ ಹೋದರು. ಅಲ್ಲಿ ಸ್ಟಾರ್ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಇದ್ದರು, ದಾಳಿಯ ಚಿಂತೆ ಇರಲಿಲ್ಲ. 2006ರ ಸೀಸನ್‌ನಲ್ಲಿ ಡಿಫೆನ್ಸ್ ಕುಸಿಯಿತು. ಡಿಸೆಂಬರ್‌ನಲ್ಲಿ ಜಾಕ್ಸನ್‌ವಿಲ್ ತಂಡ ಒಂದೇ ಪಂದ್ಯದಲ್ಲಿ ಅವರ ಮೇಲೆ ಚೆಂಡು ಹಿಡಿದು 375 ಗಜ ಓಡಿತು. ಪದ್ಧತಿ ಬದಲಿಸಿ ಅಂತ ಎಲ್ಲರ ಬಾಯಲ್ಲೂ ಅದೇ ಮಾತು. ಅವರು ಬದಲಿಸಲಿಲ್ಲ. ಪ್ಲೇಆಫ್‌ನ ಮೊದಲ ಪಂದ್ಯದಲ್ಲಿ ಅದೇ ಡಿಫೆನ್ಸ್ ಕಾನ್ಸಾಸ್ ಸಿಟಿಯ ಲ್ಯಾರಿ ಜಾನ್ಸನ್‌ರಂಥ ಓಟಗಾರನನ್ನು 32 ಗಜಕ್ಕೆ ನಿಲ್ಲಿಸಿತು. ಗಾಯಗೊಂಡಿದ್ದ ಸೇಫ್ಟಿ ಬಾಬ್ ಸ್ಯಾಂಡರ್ಸ್ ಮರಳಿದ್ದೂ ಇದಕ್ಕೆ ಕಾರಣ, ಅದನ್ನು ಮರೆಯಬಾರದು. 2007ರ ಫೆಬ್ರವರಿ 4ರಂದು ಮಯಾಮಿಯ ಮಳೆಯಲ್ಲಿ ಶಿಕಾಗೋ ವಿರುದ್ಧ 29-17ರಿಂದ ಗೆದ್ದು, ಸೂಪರ್ ಬೌಲ್ ಗೆದ್ದ ಮೊದಲ ಕಪ್ಪು ಹೆಡ್ ಕೋಚ್ ಆದರು. ಎದುರು ತಂಡದ ಕೋಚ್ ಲವೀ ಸ್ಮಿತ್ ಕೂಡ ಕಪ್ಪು ಜನಾಂಗದವರೇ, ಟ್ಯಾಂಪಾದಲ್ಲಿ ಡಂಜಿ ಕೈಕೆಳಗೆ ಕೆಲಸ ಮಾಡಿದವರು. ಎರಡು ವರ್ಷದ ನಂತರ ಪಿಟ್ಸ್‌ಬರ್ಗ್‌ಗೆ ಸೂಪರ್ ಬೌಲ್ ಗೆದ್ದುಕೊಟ್ಟ ಮೈಕ್ ಟಾಮ್ಲಿನ್ ಕೂಡ ಅದೇ ಟ್ಯಾಂಪಾದಲ್ಲಿ ಅವರ ಸಹಾಯಕರಾಗಿದ್ದವರು. 2016ರಲ್ಲಿ ಡಂಜಿ ಈ ಆಟದ ಶ್ರೇಷ್ಠರಿಗೆ ಸಿಗುವ ಗೌರವವಾದ ಹಾಲ್ ಆಫ್ ಫೇಮ್ ಸೇರಿದರು, ಕೋಚ್ ಆಗಿ.

ಈ ಆಟ ಈಗಷ್ಟೇ ನೋಡಲು ಶುರು ಮಾಡಿದ್ದೀನಿ ಅಂದಿದ್ದೀರಲ್ವಾ, 2007ರ ಜನವರಿ 21ರ ಕೋಲ್ಟ್ಸ್–ಪೇಟ್ರಿಯಟ್ಸ್ ಪಂದ್ಯ ಸಿಕ್ಕಿದರೆ ಪೂರ್ತಿ ನೋಡಿ. 21-3ರಿಂದ ಹಿಂದೆ ಬಿದ್ದು, 38-34ರಿಂದ ಗೆದ್ದ ಪಂದ್ಯ. ಕೋಲ್ಟ್ಸ್ ಡಿಫೆನ್ಸ್ ಮಾಡುವಾಗ ಚೆಂಡಿನ ಹಿಂದೆಯೇ ಹೋಗಬೇಡಿ. ಮಿಡಲ್ ಲೈನ್‌ಬ್ಯಾಕರ್ ಮತ್ತು ಇಬ್ಬರು ಸೇಫ್ಟಿಗಳು ಎಲ್ಲಿ ನಿಲ್ಲುತ್ತಾರೆ, ಎಲ್ಲಿಗೆ ಓಡುತ್ತಾರೆ ನೋಡಿ. ಏನಾದರೂ ಅರ್ಥ ಆಗದಿದ್ದರೆ ಕೇಳಿ, ಖುಷಿಯಿಂದ ಹೇಳುತ್ತೇನೆ.