ಸೆಕೆಂಡ್ ಹ್ಯಾಂಡ್ ಕಾರ್ಡ್ ಆಮೇಲೆ, ಮೊದಲು ಆ ಪವರ್ ಸಪ್ಲೈ ಬಿಡಿ

ಐ5-6500 ಪ್ರೊಸೆಸರ್, ಒಂದೇ 8 ಜಿಬಿ ರ‍್ಯಾಮ್, ಆಫೀಸಿನಲ್ಲಿ ದುಡಿದು ಬಂದ ಬ್ರ್ಯಾಂಡೆಡ್ ಡೆಸ್ಕ್‌ಟಾಪ್. ಇದರಲ್ಲಿ ಗೇಮ್ ಆಡಲು ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಬೇಕು, ಹಳೇ ಆರ್‌ಎಕ್ಸ್ 580 ಹಾಕಲೋ, ಜಿಟಿಎಕ್ಸ್ 1660 ಸೂಪರ್ ಹಾಕಲೋ ಅಂತ ನಿಮ್ಮ ಪ್ರಶ್ನೆ. ನನ್ನ ಮೊದಲ ಗೇಮಿಂಗ್ ಪಿಸಿಯೂ ಹೀಗೇ ಶುರುವಾಗಿತ್ತು, ನನ್ನ ಕಣ್ಣೂ ಬರೀ ಕಾರ್ಡ್ ಮೇಲೇ ಇತ್ತು. ಆದರೆ ನೀವು ಬರೆದಿದ್ದರಲ್ಲಿ ನನಗೆ ಗಾಬರಿಯಾಗಿದ್ದು ಕೊನೆಯ ಸಾಲು ಓದಿ: ಹಳೇ 650 ವ್ಯಾಟ್ ಮಾಡ್ಯುಲರ್ (ಕೇಬಲ್ ಬಿಚ್ಚಿ ತೆಗೆಯಬಹುದಾದ) ಪವರ್ ಸಪ್ಲೈ ಸಿಗುತ್ತಿದೆ, ಕೆಲವು ಕೇಬಲ್ ಇಲ್ಲ, ಬೇರೆಯದರ ಕೇಬಲ್ ಕೊಡುತ್ತಾರಂತೆ. ಬೇಡ. ನನ್ನ ಹಾರ್ಡ್ ಡಿಸ್ಕ್ ಸುಟ್ಟಿದ್ದು ಇದೇ ರೀತಿಯ ಕೇಬಲ್‌ನಿಂದ. ಹೇಗೆ ಅಂತ ಬಿಡಿಸಿ ಹೇಳುತ್ತೇನೆ, ಯಾಕಂದರೆ ಅಂಗಡಿಯವರಲ್ಲೂ ಎಷ್ಟೋ ಜನರಿಗೆ ಇದು ಗೊತ್ತಿರುವುದಿಲ್ಲ.

ಮಾಡ್ಯುಲರ್ ಕೇಬಲ್‌ಗೆ ಎರಡು ತುದಿ. ಡಿಸ್ಕ್‌ಗೆ ಸಿಕ್ಕಿಸುವ ಸಾಟಾ ತುದಿ ಎಲ್ಲ ಕಂಪನಿಯದೂ ಒಂದೇ, ಅದಕ್ಕೆ ನಿಯಮವಿದೆ. ಪವರ್ ಸಪ್ಲೈ ಪೆಟ್ಟಿಗೆಗೆ ಸಿಕ್ಕಿಸುವ ತುದಿಗೆ ಅಂಥ ನಿಯಮವೇ ಇಲ್ಲ. ಯಾವ ಪಿನ್‌ನಲ್ಲಿ 12 ವೋಲ್ಟ್, ಯಾವುದರಲ್ಲಿ 5 ವೋಲ್ಟ್, ಯಾವುದು ಗ್ರೌಂಡ್ ಅನ್ನುವುದನ್ನು ತಯಾರಕರು ತಮಗೆ ಬೇಕಾದಂತೆ ಇಟ್ಟುಕೊಳ್ಳುತ್ತಾರೆ. ಒಂದೇ ಕಂಪನಿಯ ಎರಡು ಸರಣಿಗಳ ನಡುವೆಯೂ ಇದು ಬೇರೆಯಾಗಿರಬಹುದು. ಆದರೆ ಪ್ಲಗ್ಗಿನ ಆಕಾರ ಎಷ್ಟೋ ಸಲ ಒಂದೇ ಇರುತ್ತದೆ, ಸಲೀಸಾಗಿ ಕೂತುಬಿಡುತ್ತದೆ. ಕೂತಿತು ಅಂದರೆ ಸರಿ ಅಂದುಕೊಳ್ಳುತ್ತೇವೆ. ಪವರ್ ಒತ್ತಿದ ಕ್ಷಣದಲ್ಲಿ 5 ವೋಲ್ಟ್ ಹೋಗಬೇಕಾದ ತಂತಿಯಲ್ಲಿ 12 ವೋಲ್ಟ್ ಹರಿಯುತ್ತದೆ. 2.5 ಇಂಚಿನ ಎಸ್‌ಎಸ್‌ಡಿ ಓಡುವುದೇ 5 ವೋಲ್ಟ್‌ನಲ್ಲಿ, ಹಾಗಾಗಿ ಅದು ಅಲ್ಲಿಗೇ ಮುಗಿಯಿತು. ಹಾರ್ಡ್ ಡಿಸ್ಕ್‌ನಲ್ಲಿ ಅದೃಷ್ಟವಿದ್ದರೆ ಬೋರ್ಡ್ ಮೇಲಿನ ರಕ್ಷಣಾ ಡಯೋಡ್ ಮಾತ್ರ ಸುಡುತ್ತದೆ, ಇಲ್ಲದಿದ್ದರೆ ಇಡೀ ಬೋರ್ಡೇ ಹೋಗುತ್ತದೆ. ಪವರ್ ಸಪ್ಲೈನೊಳಗಿನ ರಕ್ಷಣೆ ಇದನ್ನು ತಡೆಯುವುದಿಲ್ಲ. ಅದರ ಲೆಕ್ಕದಲ್ಲಿ ಶಾರ್ಟ್ ಆಗಿಲ್ಲ, 12 ವೋಲ್ಟ್ ಸರಿಯಾಗಿಯೇ ಹೊರಗೆ ಹೋಗುತ್ತಿದೆ.

ಅದೇ ಮಾದರಿಯ ಮೂಲ ಕೇಬಲ್ ಅಂತ ಮಾರುವವರು ಆಣೆ ಮಾಡಿದರೂ ಮಲ್ಟಿಮೀಟರ್ ಇಟ್ಟು ನೋಡದೆ ಏನನ್ನೂ ಜೋಡಿಸಬೇಡಿ. ಯಾವ ಭಾಗಕ್ಕೂ ಸಿಕ್ಕಿಸದೆ, ಮದರ್‌ಬೋರ್ಡಿಗೆ ಹೋಗುವ 24 ಪಿನ್ ಪ್ಲಗ್ಗಿನ 16ನೇ ಪಿನ್ ಅನ್ನು (ಬಣ್ಣದ ತಂತಿಯಾದರೆ ಹಸಿರು) ಯಾವುದಾದರೂ ಗ್ರೌಂಡ್‌ಗೆ ಸೇರಿಸಿದರೆ ಪವರ್ ಸಪ್ಲೈ ಚಾಲೂ ಆಗುತ್ತದೆ. ನಾಲ್ಕು ಪಿನ್ನಿನ ಮೋಲೆಕ್ಸ್ ತುದಿಯಲ್ಲಿ ಒಂದು ಅಂಚಿನ ಪಿನ್ 12 ವೋಲ್ಟ್, ಇನ್ನೊಂದು ಅಂಚಿನದು 5 ವೋಲ್ಟ್, ನಡುವಿನ ಎರಡೂ ಗ್ರೌಂಡ್. 11.4ರಿಂದ 12.6, 4.75ರಿಂದ 5.25 ಇದ್ದರೆ ಮಿತಿಯೊಳಗಿದೆ. ಆದರೆ ಇದು ಭಾರವಿಲ್ಲದಾಗಿನ ಲೆಕ್ಕ. ಕೆಪಾಸಿಟರ್ ಒಣಗಿದ ಹಳೇ ಪವರ್ ಸಪ್ಲೈ ಇಲ್ಲಿ ಚೆನ್ನಾಗಿಯೇ ತೋರಿಸಿ, ಗೇಮ್ ನಡುವೆ ಕಾರ್ಡ್ ಒಮ್ಮೆಲೇ ವಿದ್ಯುತ್ ಎಳೆದಾಗ ಕೈಕೊಡುತ್ತದೆ. ಅದಕ್ಕೇ ಹೇಳುವುದು, ಉಳಿದದ್ದೆಲ್ಲ ಹಳೆಯದಿರಲಿ, ಇದೊಂದು ಹೊಸದಿರಲಿ. ನಿಮಗೆ 650 ವ್ಯಾಟ್ ಕೂಡ ಬೇಕಿಲ್ಲ. ಒಳ್ಳೆಯ ತಯಾರಿಯ 450-500 ವ್ಯಾಟ್ ಧಾರಾಳ.

ತರುವ ಮೊದಲು ಕೇಸ್ ಬಿಚ್ಚಿ ನೋಡಿ. ಡೆಲ್, ಎಚ್‌ಪಿ, ಲೆನೊವೊದ ಹಲವು ಆಫೀಸ್ ಮಾದರಿಗಳ ಮದರ್‌ಬೋರ್ಡಿನಲ್ಲಿ 24 ಪಿನ್ ಇರುವುದೇ ಇಲ್ಲ, ಅವರದ್ದೇ ಬೇರೆ ಪ್ಲಗ್ ಇರುತ್ತದೆ. ಆಗ ನಿಮ್ಮ ಮಾದರಿಗೇ ಅಂತ ಮಾಡಿದ ಅಡಾಪ್ಟರ್ ಬೇಕು. ಪವರ್ ಸಪ್ಲೈ ಪೆಟ್ಟಿಗೆಯ ಅಳತೆಯೂ ಬೇರೆ ಇರಬಹುದು. ಬದಲಿಸಲು ಆಗುವುದೇ ಇಲ್ಲ ಅಂತಾದರೆ ನಿಮ್ಮ ಎರಡೂ ಕಾರ್ಡ್ ಬಿಟ್ಟು, ಪವರ್ ಪ್ಲಗ್ ಇಲ್ಲದ ಜಿಟಿಎಕ್ಸ್ 1650 ಹುಡುಕಿ. ಸ್ಲಾಟ್ ಕೊಡುವ 75 ವ್ಯಾಟ್‌ನಲ್ಲೇ ಅದು ಓಡುತ್ತದೆ. ಸಣ್ಣ ಕೇಸ್ ಆದರೆ ಲೋ ಪ್ರೊಫೈಲ್ (ಕಡಿಮೆ ಎತ್ತರದ) ಕಾರ್ಡೇ ಆಗಬೇಕು.

ಇನ್ನು ಕಾರ್ಡ್. ಎರಡರಲ್ಲಿ ಒಂದು ಅಂದರೆ 1660 ಸೂಪರ್, ಯೋಚನೆಯೇ ಬೇಡ. 580ರ 185 ವ್ಯಾಟ್ ಎದುರು ಅದರದ್ದು 125. 580 ಹೆಸರಿನಲ್ಲಿ 2048ಎಸ್‌ಪಿ ಅನ್ನುವ ಕಡಿಮೆ ಮಾದರಿಯೂ ಓಡಾಡುತ್ತದೆ. ಜಿಪಿಯು-ಝಡ್ ಅನ್ನುವ ಸಾಫ್ಟ್‌ವೇರ್ ತೆರೆದರೆ ಶೇಡರ್ (ಕಾರ್ಡಿನೊಳಗಿನ ಲೆಕ್ಕ ಮಾಡುವ ಘಟಕಗಳು) ಸಂಖ್ಯೆ 2304 ಇರಬೇಕು, 2048 ಇದ್ದರೆ ಅದು 570ರ ಮಟ್ಟದ್ದು. 1660 ಸೂಪರ್‌ನಲ್ಲಿ ಆ ಸಂಖ್ಯೆ 1408, ಬೇರೆ ಕಂಪನಿಯ ಕಾರ್ಡ್ ಆದ್ದರಿಂದ 580ರ ಸಂಖ್ಯೆಗೆ ಹೋಲಿಸಬೇಡಿ. ಹೆಚ್ಚು ಹೊಸದು ಅಂತ ಆರ್‌ಎಕ್ಸ್ 6500 ಎಕ್ಸ್‌ಟಿ ಕಡೆ ಮಾತ್ರ ಹೋಗಬೇಡಿ. ಅದಕ್ಕೆ ಇರುವುದೇ ನಾಲ್ಕು ಪಿಸಿಐಇ ಲೇನ್ (ಬೋರ್ಡಿನ ಜೊತೆ ದತ್ತಾಂಶ ಓಡಾಡುವ ದಾರಿ), ನಿಮ್ಮದು ಹಳೇ ಪಿಸಿಐಇ 3.0 ಬೋರ್ಡ್, ಅಲ್ಲಿ ಆ ದಾರಿಗಳೂ ನಿಧಾನ. ಅದರ 4 ಜಿಬಿ ಮೆಮೊರಿ ತುಂಬಿದೊಡನೆ ದತ್ತಾಂಶ ಆ ಇಕ್ಕಟ್ಟಿನಲ್ಲೇ ಓಡಾಡಬೇಕು, ಗೇಮ್ ಜರ್ಕ್ ಹೊಡೆಯುತ್ತದೆ.

ಕ್ರಿಪ್ಟೋ ಮೈನಿಂಗ್‌ಗೆ ಬಳಸಿದ ಕಾರ್ಡ್ ಅಂದಾಕ್ಷಣ ನಾನು ಹೆದರುವುದಿಲ್ಲ. ಸವೆಯುವುದು ಫ್ಯಾನ್, ಒಣಗುವುದು ಥರ್ಮಲ್ ಪ್ಯಾಡ್ ಮತ್ತು ಪೇಸ್ಟ್, ಇವನ್ನೆಲ್ಲ ಬದಲಿಸಬಹುದು. ಹೆದರಬೇಕಾದದ್ದು ಬಿಸಿ ಕೊಟ್ಟು ತಾತ್ಕಾಲಿಕವಾಗಿ ಎಬ್ಬಿಸಿದ ಸತ್ತ ಕಾರ್ಡ್‌ಗೆ. ಅದು ಅರ್ಧ ನಿಮಿಷ ಡೆಸ್ಕ್‌ಟಾಪ್ ತೋರಿಸಿದರೆ ಸಿಕ್ಕಿಬೀಳುವುದಿಲ್ಲ. ಮಾರುವವರ ಎದುರೇ ಕಾರ್ಡಿಗೆ ಪೂರ್ತಿ ಭಾರ ಹಾಕುವ ಫರ್‌ಮಾರ್ಕ್ ಸಾಫ್ಟ್‌ವೇರ್ 15 ನಿಮಿಷ, ಆಮೇಲೆ ಒಸಿಸಿಟಿಯ ವಿಡಿಯೊ ಮೆಮೊರಿ ಪರೀಕ್ಷೆ ಓಡಿಸಿ. ಪರದೆ ಮೇಲೆ ಚುಕ್ಕೆ, ಚೌಕ, ಗೆರೆ ಬಂದರೆ ಎದ್ದು ಬನ್ನಿ. ಎಲ್ಲ ಪೋರ್ಟ್‌ಗೂ ಕೇಬಲ್ ಹಾಕಿ ನೋಡಿ. ಪರೀಕ್ಷೆ ಮಾಡಲು ಮಾರುವವರು ಬಿಡುವುದಿಲ್ಲ ಅಂದರೆ ಆ ಕಾರ್ಡ್ ಬೇಡ.

ನಿಜ ಹೇಳಬೇಕೆಂದರೆ ನಿಮ್ಮ ದುಡ್ಡು ಮೊದಲು ಹೋಗಬೇಕಾದದ್ದು ಇನ್ನೊಂದು 8 ಜಿಬಿ ರ‍್ಯಾಮ್‌ಗೆ. ಒಂದೇ ಕಡ್ಡಿ ಅಂದರೆ ಸಿಂಗಲ್ ಚಾನೆಲ್, ಪ್ರೊಸೆಸರ್‌ಗೆ ಅರ್ಧ ದಾರಿ ಮುಚ್ಚಿದಂತೆ. ಈ ಪೀಳಿಗೆಯಲ್ಲಿ ಡಿಡಿಆರ್3ಎಲ್ ಬೋರ್ಡೂ ಇವೆ, ಡಿಡಿಆರ್4 ಬೋರ್ಡೂ ಇವೆ. ಒಂದರ ರ‍್ಯಾಮ್ ಇನ್ನೊಂದಕ್ಕೆ ಹಿಡಿಸುವುದಿಲ್ಲ, ಯಾವುದು ಅಂತ ಸಿಪಿಯು-ಝಡ್ ಸಾಫ್ಟ್‌ವೇರ್‌ನಲ್ಲಿ ನೋಡಿಯೇ ತನ್ನಿ. ಹಾಕಿದ ಮೇಲೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ರಾತ್ರಿಯಿಡೀ ಓಡಲಿ, ಒಂದೇ ಒಂದು ದೋಷ ಕಂಡರೂ ವಾಪಸ್ ಕೊಡಿ.

ಕಾರ್ಡ್ ಹಾಕಿದ ನಂತರವೂ ಹೊಸ ಗೇಮ್‌ಗಳಲ್ಲಿ ತಡವರಿಕೆ ಉಳಿಯುತ್ತದೆ, ಐ5-6500ರಲ್ಲಿ ನಾಲ್ಕು ಕೋರ್, ನಾಲ್ಕೇ ಥ್ರೆಡ್ (ಒಮ್ಮೆಗೆ ನಡೆಸಬಲ್ಲ ಕೆಲಸದ ಎಳೆ). ರೆಸಲ್ಯೂಷನ್ 720ಕ್ಕೆ ಇಳಿಸಿ. ಎಫ್‌ಪಿಎಸ್ (ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ) ಏರದಿದ್ದರೆ ತಡೆ ಇರುವುದು ಪ್ರೊಸೆಸರ್‌ನಲ್ಲಿ. ಆಗ ಹಳೇ ಐ7-6700 ತನ್ನಿ, ಅದೇ ಸಾಕೆಟ್, ಎಂಟು ಥ್ರೆಡ್. ಸಾಕೆಟ್ ಹೆಸರು 1151 ಅಂತ ಒಂದೇ ಇದೆಯಲ್ಲ ಅಂದುಕೊಂಡು ಐ5-8400 ತಂದುಬಿಟ್ಟೀರಿ, ಅದು ನಿಮ್ಮ ಬೋರ್ಡಿನಲ್ಲಿ ಕೂತರೂ ಓಡುವುದಿಲ್ಲ.