ವಿಶ್ವವಿದ್ಯಾಲಯ ನಡೆಸಿದವರು ಸರ್ಕಾರವನ್ನೂ ನಡೆಸಬಲ್ಲರೇ?

ಡೋನಾ ಶಲೇಲಾ ಅವರನ್ನು ನೋಡಿದರೆ, ಹೌದು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಮೆರಿಕದಲ್ಲಿ ಇಷ್ಟು ಸಲ ಓಡಾಡಿದವರು ಕಡಿಮೆ.

1941ರಲ್ಲಿ ಕ್ಲೀವ್‌ಲ್ಯಾಂಡಿನ ಲೆಬನಾನ್ ಮೂಲದ ಮನೆಯಲ್ಲಿ ಹುಟ್ಟಿದರು. ಓದು ಮುಗಿಸಿ, ಸ್ವಯಂಸೇವಕರನ್ನು ಬೇರೆ ದೇಶಗಳಿಗೆ ಕಳಿಸುವ ಅಮೆರಿಕ ಸರ್ಕಾರದ ಸಂಸ್ಥೆ ಪೀಸ್ ಕೋರ್ ಸೇರಿ ಇರಾನಿಗೆ ಹೋದರು. ನನಗೆ ಜಾಸ್ತಿ ಇಷ್ಟವಾಗುವುದು 1975ರ ಕಥೆ. ನ್ಯೂಯಾರ್ಕ್ ನಗರ ದಿವಾಳಿಯ ಅಂಚಿಗೆ ಬಂದಿತ್ತು. ಅದನ್ನು ಉಳಿಸಲು ಮಾಡಿದ ಸಂಸ್ಥೆಗೆ ಖಜಾಂಚಿಯಾದವರು ಈಕೆ, ಪಾಠ ಮಾಡಿಕೊಂಡಿದ್ದ ಪ್ರೊಫೆಸರ್! ಹಣಕಾಸಿನ ಪಾಠ ಅಲ್ಲೇ ಆಯಿತು ಅನ್ನಬಹುದು.

ಮುಂದೆ ಅಧ್ಯಕ್ಷ ಕಾರ್ಟರ್ ಸರ್ಕಾರದ ವಸತಿ ಇಲಾಖೆಯಲ್ಲಿ ಕೆಲಸ, 1980ರಿಂದ ನ್ಯೂಯಾರ್ಕಿನ ಹಂಟರ್ ಕಾಲೇಜಿನ ಮುಖ್ಯಸ್ಥೆ, 1988ರಿಂದ ವಿಸ್ಕಾನ್ಸಿನ್–ಮ್ಯಾಡಿಸನ್ ವಿಶ್ವವಿದ್ಯಾಲಯದ ಮುಖ್ಯಸ್ಥೆ. 1993ರಲ್ಲಿ ಅಧ್ಯಕ್ಷ ಕ್ಲಿಂಟನ್ ಆರೋಗ್ಯ ಮತ್ತು ಮಾನವ ಸೇವೆಗಳ ಇಲಾಖೆ ಕೊಟ್ಟರು. ಪೂರ್ತಿ 8 ವರ್ಷ ಅಲ್ಲೇ ಇದ್ದರು. ಕಡಿಮೆ ಆದಾಯದ ಮನೆಗಳ ಮಕ್ಕಳಿಗೆ ಆರೋಗ್ಯ ವಿಮೆ ಕೊಡುವ ಯೋಜನೆ 1997ರಲ್ಲಿ ಬಂದಿದ್ದು ಅವರ ಕಾಲದಲ್ಲೇ.

2001ರಿಂದ 2015ರವರೆಗೆ ಮಯಾಮಿ ವಿಶ್ವವಿದ್ಯಾಲಯದ ಅಧ್ಯಕ್ಷೆ. ಎಲ್ಲವೂ ಸಲೀಸಾಗಿರಲಿಲ್ಲ. 2006ರಲ್ಲಿ ಗುತ್ತಿಗೆ ಸ್ವಚ್ಛತಾ ಕೆಲಸಗಾರರು ಮುಷ್ಕರ ಹೂಡಿ ಉಪವಾಸಕ್ಕೂ ಕೂತಾಗ, ಬಡವರ ಆರೋಗ್ಯದ ಬಗ್ಗೆ ಮಾತಾಡಿದ ಮಾಜಿ ಮಂತ್ರಿಯೇ ಟೀಕೆ ಕೇಳಬೇಕಾಯಿತು. ಮುಜುಗರದ ಸಂಗತಿಯೇ ಅಲ್ವಾ?

ಅಷ್ಟಾದ ಮೇಲೂ ಸುಮ್ನೆ ಕೂರಲಿಲ್ಲ. 77ನೇ ವಯಸ್ಸಿನಲ್ಲಿ, 2018ರಲ್ಲಿ, ಮೊದಲ ಬಾರಿಗೆ ಫ್ಲಾರಿಡಾದಿಂದ ಸಂಸತ್ತಿಗೆ ಗೆದ್ದರು. 2020ರಲ್ಲಿ ಸೋತರು.